ಸೋಲಾರಿನ ಮೇಲೆ ಹೂವಿನ ಚಾದರ

ನಲ್ಲಿಯಿಂದ ತಣ್ಣೀರು ಬಂತು.

ಹಲ್ಲೂಮಿ ಚೀಸು ಹುರಿದ ಬಾಣಲೆಯನ್ನು ಕೈಯಲ್ಲಿ ಹಿಡಿದಿದ್ದ ಮಿರೊಫೋರಾ, ತಾನೇ ತಪ್ಪಿ ಆಚೆಯ ನಲ್ಲಿ ತಿರುಗಿಸಿದೆನೇನೋ ಎಂದು ಇನ್ನೊಮ್ಮೆ ನೋಡಿದಳು. ಇಲ್ಲ, ಕೆಂಪು ಚುಕ್ಕಿಯದೇ. ಬೆರಳಿಟ್ಟಳು. ತಣ್ಣಗೇ ಇತ್ತು. ಬಾಣಲೆಯ ಜಿಡ್ಡು ಬೆಳ್ಳಗೆ ಹೆಪ್ಪುಗಟ್ಟಿ ಅಂಚಿಗೆ ಅಂಟಿಕೊಂಡಿತು.

ಕಡಲತಡಿಯ ಲಾರ್ನಾಕಾದ ಜುಲೈ ತಿಂಗಳಲ್ಲಿ ಕೆಂಪು ಚುಕ್ಕಿಯ ನಲ್ಲಿ ಕೈ ಸುಡುತ್ತದೆ. ಅದರ ಹತ್ತಿರ ತಾಯಂದಿರು ಮಕ್ಕಳನ್ನು ಬಿಡುವುದಿಲ್ಲ. ಅದರಲ್ಲಿ ತಣ್ಣೀರು ಬಂತೆಂದರೆ ಸೂರ್ಯನೇ ರಜೆ ಹಾಕಿ ಹೋದ ಹಾಗೆ.

"ಥೆಕ್ಲಾ, ನಿನ್ನೆ ಸ್ನಾನ ಮಾಡೋವಾಗ ನಲ್ಲಿ ಹಾಗೇ ಬಿಟ್ಟಿದ್ಯೇನೇ?"

ಎಂಟು ವರ್ಷದ ಮಗಳು ಮೇಜಿನ ಮುಂದೆ ಕಲ್ಲಂಗಡಿ ಹೋಳನ್ನು ಚುಚ್ಚುತ್ತಾ ಕೂತಿದ್ದಳು. ತಿಂದಿರಲಿಲ್ಲ, ಬೀಜ ಮಾತ್ರ ಆರಿಸಿ ತಟ್ಟೆಯ ಸುತ್ತ ಜೋಡಿಸಿದ್ದಳು.

"ಇಲ್ಲಮ್ಮ. ನಿನ್ನೇನೇ ನೀರು ಬೆಚ್ಚಗಿರ್ಲಿಲ್ಲ." ಆಮೇಲೆ, ತಲೆಯೆತ್ತದೆ, "ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕಂದಾ. ಮೊದಲು ಮೇಲೆ ಏನಾಗಿದೆ ನೋಡ್ಕೊಂಡು ಬರ್ತೀನಿ. ಇವತ್ತೇ ಆಗ್ಬೇಕಿತ್ತಾ ಇದು!"

ಇವತ್ತು ಪರೀಕ್ಷಕ ಬರುವ ದಿನ. ಹಳೆಯ ಸೋಲಾರ್ ತೆಗೆದು ಹೊಸದು ಹಾಕಿಸಿಕೊಂಡವರಿಗೆ ಸರ್ಕಾರ ಕೊಡುವ ಸಹಾಯಧನಕ್ಕೆ ಆರ್ಸಿನೋಯಿ ಕಟ್ಟಡದ ಎಂಟೂ ಮನೆಗಳು ಒಟ್ಟಿಗೇ ಅರ್ಜಿ ಹಾಕಿದ್ದವು. ಒಂದು ಮನೆಯದು ತಪ್ಪಿದರೂ ಎಲ್ಲರದೂ ಹೋಗುತ್ತದೆ. ಈ ವರ್ಷ ಕಟ್ಟಡದ ಉಸ್ತುವಾರಿಯ ಸರದಿ ಮಿರೊಳದು. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಸಹಾಯಧನದ ಚಿಂತೆಯಲ್ಲ.

ಎದುರು ಮನೆಯ ಆಂಥೂಸಜ್ಜಿ ಕಾಣದೆ ಇವತ್ತಿಗೆ ನಾಲ್ಕನೇ ದಿನ.

ಮಿರೊ ಔಷಧಿ ಅಂಗಡಿಗೆ ಹೋದಾಗ ಥೆಕ್ಲಾಳಿಗೆ ಊಟ ಹಾಕಿ, ಮಧ್ಯಾಹ್ನ ಮಲಗಿಸಿ, ಜಡೆ ಹಾಕುತ್ತಿದ್ದದ್ದು ಆಂಥೂಸಜ್ಜಿ. ಹೃದಯದ ಮಾತ್ರೆ ಒಂದು ಹೊತ್ತೂ ತಪ್ಪಿಸುವಂತಿಲ್ಲದ ಹೆಂಗಸು. ಆ ಮಾತ್ರೆಯ ಡಬ್ಬಿಯನ್ನು ಮಿರೊಳೇ ವಾರವಾರ ತುಂಬಿಸಿ ಕೊಡುತ್ತಿದ್ದಳು. ಅದು ಅಜ್ಜಿಯ ಅಡುಗೆಮನೆಯ ಕಿಟಕಿಯಲ್ಲಿ ಹಾಗೇ ಇತ್ತು.

ಥೆಕ್ಲಾ ಅಂದಿನಿಂದ ಹೀಗೆ. ಊಟ ಸೇರುವುದಿಲ್ಲ, ಮಾತಿಲ್ಲ, ಮಲಗುವಾಗ ಅಮ್ಮನ ಅಂಗಿಯ ತುದಿ ಬಿಡುವುದಿಲ್ಲ. ನಿನ್ನೆ ಸಂಜೆ ಅಪ್ಪ ಝೀನೋನ್ ಹಡಗಿನಿಂದ ಫೋನ್ ಮಾಡಿ, "ಸೂಯೆಜ್ ದಾಟಿದ್ವಿ, ಸುತ್ತ ಬರೀ ನೀರು, ಪುಟ್ಟಿಗೆ ಕೊಡು" ಎಂದಾಗಲೂ ಫೋನ್ ಮುಟ್ಟಲಿಲ್ಲ. ಫೆಬ್ರವರಿಯಲ್ಲಿ ಹಡಗು ಹತ್ತಿದ ಅಪ್ಪನ ದನಿಗೆ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಿಯ ಕೊರಗು ಎಂದುಕೊಂಡಳು ಮಿರೊ.

* * *

ಲಿಫ್ಟು ನಾಲ್ಕನೇ ಮಹಡಿಗೆ ನಿಲ್ಲುತ್ತದೆ, ಅಲ್ಲಿಂದ ಮೆಟ್ಟಿಲು. ಮೆಟ್ಟಿಲ ಬುಡದಲ್ಲೇ ಮಾರೂಲ್ಲಕ್ಕ ಬಾಗಿಲು ತೆರೆದಿಟ್ಟುಕೊಂಡು ನೆಲ ಒರೆಸುತ್ತಿದ್ದಳು. ತಾರಸಿಗೆ ಯಾರು ಹತ್ತಿದರೂ ಇಳಿದರೂ ಅವಳ ಬಕೀಟು ದಾಟಿಯೇ ಹೋಗಬೇಕು.

"ಏನೇ, ತಾಯಿ ಮಗಳು ಮೆರವಣಿಗೆ ಹೊರಟ್ರಿ?"

"ನಲ್ಲೀಲಿ ತಣ್ಣೀರು ಬರ್ತಿದೆ ಅಕ್ಕ."

"ಜುಲೈನಲ್ಲಾ! ನನ್ನದು ಕುದೀತಿದೆ ಕಣೇ, ಬೇಕಾದ್ರೆ ಕೋಳಿ ಪುಕ್ಕ ತರಿಬೋದು." ಮಾರೂಲ್ಲಕ್ಕ ಕೋಲಿಗೆ ಗದ್ದ ಊರಿದಳು. "ಹೊಸಾ ಸೋಲಾರ್, ಹೊಸಾ ಸೋಲಾರ್ ಅಂತ ಕುಣಿದ್ರಲ್ಲ. ಪರೀಕ್ಷಕ ಬಂದಾಗ ನಿನ್ನ ನಲ್ಲಿ ಮಾತ್ರ ತೋರಿಸ್ಬೇಡ, ದೇವರಾಣೆ. ನಾನು ಅವನಿಗೋಸ್ಕರ ಮುರಬ್ಬ ತೆಗೆದಿಟ್ಟಿದೀನಿ. ಬಾಯಿ ಸಿಹಿಯಾದ್ರೆ ಕಣ್ಣು ಮಂಜಾಗುತ್ತೆ."

"ಆಂಥೂಸಜ್ಜಿ ಸುದ್ದಿ ಏನಾದ್ರೂ..."

"ಅವಳ ಸೋದರಳಿಯ ಯಾಂಗೋಸ್ ಹೇಳಿದ್ನಲ್ಲ, ಬೆಟ್ಟಕ್ಕೆ ಹೋಗಿದ್ದಾಳೆ ಅಂತ. ಅಗ್ರೋಸಿನಲ್ಲಿ ಅವಳ ದೊಡ್ಡಪ್ಪನ ಮಗಳಿದ್ದಾಳೆ. ನಿನ್ನೆ ಪೊಲೀಸಿನವನೂ ಮೇಲೆ ಹೋಗಿ ನೋಡ್ಕೊಂಡು ಬಂದ. ಸೋಲಾರಿಗೆ ಹೊದಿಸಿಯೇ ಹೋಗಿದ್ದಾಳಲ್ಲ."

ಅದೇ ಮಾತನ್ನು ಠಾಣೆಯ ಸಾರ್ಜೆಂಟೂ ಫೋನಿನಲ್ಲಿ ಹೇಳಿದ್ದ. 'ಜುಲೈನಲ್ಲಿ ಮುದುಕಿಯರು ಬೆಟ್ಟಕ್ಕೆ ಹೋಗದೆ ಇನ್ನೆಲ್ಲಿಗಮ್ಮ ಹೋಗ್ತಾರೆ? ಚಾದರ ಹೊದಿಸಿದ್ದನ್ನ ನಾನೇ ಕಣ್ಣಾರೆ ನೋಡಿದೆ.' ಅದನ್ನು ಕೇಳಿ ಮಿರೊಳಿಗೂ ನಿನ್ನೆ ಒಂದು ಗಳಿಗೆ ಉಸಿರು ಹಗುರವಾಗಿತ್ತು. ನೀರು ಬಳಸುವವರಿಲ್ಲದ ಮನೆಯ ಸೋಲಾರನ್ನು ಈ ಬಿಸಿಲಿಗೆ ಹಾಗೇ ಬಿಟ್ಟರೆ ನೀರು ಕುದಿದು ಟ್ಯಾಂಕು ಕೆಡುತ್ತದೆ. ಬೆಟ್ಟಕ್ಕೆ ಹೊರಟವರು ಮೊದಲು ಸೋಲಾರಿಗೆ ಹೊದಿಸುತ್ತಾರೆ, ಆಮೇಲೆ ಮನೆಗೆ ಬೀಗ ಹಾಕುತ್ತಾರೆ. ಆಂಥೂಸಜ್ಜಿ ಅಂತೂ ವರ್ಷವರ್ಷವೂ ತನ್ನ ಮದುವೆಯ ನೀಲಿ ಹೂವಿನ ಚಾದರವನ್ನೇ ಹೊದಿಸುತ್ತಿದ್ದಳು. ಬೇರೆ ಬಟ್ಟೆ ಹೊದಿಸಿದರೆ ಸತ್ತ ಗಂಡ ಬೇಜಾರು ಮಾಡಿಕೊಳ್ಳುತ್ತಾನೆ ಎನ್ನುತ್ತಿದ್ದಳು.

"ಮಾತ್ರೆ ಬಿಟ್ಟು ಹೋಗೋರಲ್ಲ ಅವರು," ಎಂದಳು ಮಿರೊ.

"ಅಗ್ರೋಸಿನಲ್ಲಿ ಮಾತ್ರೆ ಅಂಗಡಿ ಇಲ್ವೇನೇ? ಹೋಗು, ಹೋಗು. ಈ ಪಾಪುನ ಇಲ್ಲಿ ಬಿಡು. ಮುಖ ನೋಡು, ನಿಂಬೆಹಣ್ಣಿನ ಹಾಗಾಗಿದೆ. ಬಾರೇ, ಮುರಬ್ಬ ತಿನ್ನು. ಪರೀಕ್ಷಕನಿಗೆ ಉಳಿದದ್ದು ಸಾಕು."

ಥೆಕ್ಲಾ ಅಮ್ಮನ ಕೈ ಬಿಡಲಿಲ್ಲ. "ಅಮ್ಮಾ, ಒಂದೇ ಒಂದು..."

"ಈಗ ಬಂದೆ ಬಂಗಾರ. ಮೇಲೆ ಬಿಸಿಲು, ಇಲ್ಲೇ ಇರು."

* * *

ತಾರಸಿಯ ಬಾಗಿಲು ತೆರೆದೊಡನೆ ಬೆಳಕು ಮುಖಕ್ಕೆ ಹೊಡೆಯಿತು. ಬಿಳಿಯ ಟ್ಯಾಂಕುಗಳು, ಅವುಗಳ ಮುಂದೆ ದಕ್ಷಿಣಕ್ಕೆ ಮುಖ ಮಾಡಿ ಒರಗಿದ ಕಪ್ಪು ಗಾಜಿನ ಹಲಗೆಗಳು, ನಡುವೆ ಬಟ್ಟೆ ಒಣಗಿಸುವ ಹಗ್ಗಗಳು. ಅಜ್ಜಿ ಕಾಣೆಯಾದ ಮೇಲೆ ಮಿರೊಳಿಗೆ ಬಟ್ಟೆ ಒಗೆಯಲೂ ಕೈ ಬಂದಿರಲಿಲ್ಲ. ಅವಳ ಹಗ್ಗ ಖಾಲಿಯಾಗಿ ಗಾಳಿಗೆ ಅಲ್ಲಾಡುತ್ತಿತ್ತು.

ಮೆಟ್ಟಿಲ ಕೋಣೆಯ ಪಕ್ಕದಲ್ಲಿದ್ದ ಮಿರೊಳ ಸೋಲಾರಿನ ಮೇಲೆ ನೀಲಿ ಹೂವಿನ ಚಾದರ ಹೊದಿಸಿತ್ತು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಸದ್ಯ, ಇಷ್ಟೇ ತಾನೇ ಎಂಬ ನಿರಾಳ ಅದರ ಬೆನ್ನಿಗೇ ಬಂತು. ನಾಲ್ಕು ಮೂಲೆಯಲ್ಲೂ ದಾರ ಕಟ್ಟಿ ಬಿಗಿದಿದ್ದರು. ಸಮುದ್ರದ ಗಾಳಿಗೆ ಒಂದು ಮಡಿಕೆಯೂ ಎದ್ದಿರಲಿಲ್ಲ. ಬಾಣಲೆ ಇನ್ನೂ ತೊಳೆದಿಲ್ಲ, ಪರೀಕ್ಷಕನಿಗೆ ಏನು ಹೇಳಲಿ ಎಂದುಕೊಳ್ಳುತ್ತಲೇ ಅವಳ ಬೆರಳು ಗಂಟಿನ ಬಾಲವನ್ನು ಒಳಕ್ಕೆ ತಳ್ಳಿ ಹಿಂದಕ್ಕೆಳೆಯಿತು. ಗಂಟು ಬಿಚ್ಚಿತು. ಎರಡನೆಯದೂ ಬಿಚ್ಚಿತು. ಚಾದರದ ಅಂಚು ಮಡಚಿ ಅವಳ ಕೈಮೇಲೆ ಬಿತ್ತು.

ಅಂಚಿನ ಕೈಹೆಣಿಗೆ ಕಂಡಾಗ ಕೈ ನಿಂತುಹೋಯಿತು.

ಇದು ತನ್ನ ಸೋಲಾರು. ಚಾದರ ಅಜ್ಜಿಯದು.

ಮಾರ್ಚಿಗೆ ಮುಂಚೆ ಈ ಜಾಗ ಅಜ್ಜಿಯದೇ ಆಗಿತ್ತು ನಿಜ. ಹೊಸ ಸೋಲಾರ್ ಹಾಕುವ, ಝೀನೋನನ ಹಳೆಯ ಗೆಳೆಯ ಹಾಂಬಿಸ್ ಬಂದ ದಿನ ಅಜ್ಜಿ ಮಗುವಿನ ಹಾಗೆ ಹಟ ಹಿಡಿದಿದ್ದಳು. 'ಮಿರೊ, ನಿನ್ನ ಜಾಗ ನನಗೆ ಕೊಡೇ. ಗಾಜು ಒರೆಸ್ತಾ ಹಡಗು ನೋಡ್ತೀನಿ. ಈ ಮೂಲೇಲಿ ಗೋಡೆ ಬಿಟ್ರೆ ಏನಿದೆ?' ಮಿರೊ ನಕ್ಕು ಕೊಟ್ಟಿದ್ದಳು. ಅಂದಿನಿಂದ ಅಜ್ಜಿಯ ಸೋಲಾರು ಸಮುದ್ರದ ಕಡೆ, ಮಿರೊಳದು ಇಲ್ಲಿ. ಅಜ್ಜಿ ದಿನಾ ಬೆಳಗ್ಗೆ ಹತ್ತಿ ಬಂದು ಗಾಜು ಒರೆಸಿ, ಅಲ್ಲೇ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಆ ಜಾಗ ಅವಳಿಗೆ ಮನೆ ಇದ್ದ ಹಾಗೆ.

ಆಂಥೂಸಜ್ಜಿ ಕಣ್ಣು ಮುಚ್ಚಿಕೊಂಡು ಬಂದರೂ ಮಿರೊಳ ಸೋಲಾರಿಗೆ ಚಾದರ ಹೊದಿಸುವವಳಲ್ಲ.

ಬೇರೆ ಯಾರೋ ಹೊದಿಸಿದ್ದಾರೆ. ಅಜ್ಜಿ ಬೆಟ್ಟಕ್ಕೆ ಹೋದಳು ಎಂದು ಎಲ್ಲರೂ ನಂಬಲಿ ಎಂದು ಹೊದಿಸಿದ್ದಾರೆ. ಪೊಲೀಸಿನವನು ನಂಬಿಯೂ ಬಿಟ್ಟ. ಒಂದೇ ತರಹದ ಹೊಸ ಸೋಲಾರುಗಳ ನಡುವೆ ಇದು ಯಾರದು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಹೊದಿಸಿದವನಿಗೆ ಅಜ್ಜಿಯ ಅಭ್ಯಾಸ ಗೊತ್ತು. ಯಾವ ಚಾದರ ಎಂಬುದೂ ಗೊತ್ತು. ಜಾಗ ಅದಲುಬದಲಾದದ್ದು ಮಾತ್ರ ಗೊತ್ತಿಲ್ಲ.

ಮಾರ್ಚಿನಲ್ಲಿ ಊರಲ್ಲಿ ಇರದವನು.

ಯಾಂಗೋಸ್! ಅಜ್ಜಿಯ ಸೋದರಳಿಯ. ಸಹಾಯಧನದ ಓಡಾಟವೆಲ್ಲ ಮಾಡಿದವನು. ಮಾರ್ಚಿನಲ್ಲಿ ಅಥೆನ್ಸಿಗೆ ಹೋಗಿದ್ದ. ಅಜ್ಜಿ ಬೆಟ್ಟಕ್ಕೆ ಹೋದಳು ಎಂದು ಮೊದಲು ಹೇಳಿದವನೂ ಅವನೇ.

ಉಳಿದೆರಡು ಗಂಟು ಮುಟ್ಟದೆ ಅವಳು ಸಮುದ್ರದ ಕಡೆಗೆ ನಡೆದಳು.

* * *

ಅಜ್ಜಿಯ ಪ್ಲಾಸ್ಟಿಕ್ ಕುರ್ಚಿ ಅಲ್ಲೇ ಇತ್ತು, ಗಾಳಿಗೆ ಹಾರದಂತೆ ಕಂಬಿಗೆ ಕಟ್ಟಿಸಿಕೊಂಡು. ಪಕ್ಕದಲ್ಲಿ ಒಣಗಿ ಕರಕಲಾದ ಕಾಫಿಯ ಪುಟ್ಟ ಬಟ್ಟಲು. ಮಿರೊ ಅದನ್ನೆತ್ತಿ ಅಂಗಿಯ ತುದಿಯಲ್ಲೇ ಒರೆಸಿ ಮತ್ತೆ ಅಲ್ಲೇ ಇಟ್ಟಳು.

ಕಳೆದ ವಾರ ಮಾರೂಲ್ಲಕ್ಕನ ಮನೆಯಲ್ಲಿ ಎಲ್ಲರೂ ಕಾಫಿಗೆ ಸೇರಿದ್ದಾಗ ಅಜ್ಜಿ ಹೇಳಿದ ಮಾತು ನೆನಪಾಯಿತು. 'ಪರೀಕ್ಷಕ ಬರ್ಲಿ. ನಾನೇ ಕೈ ಹಿಡಿದು ಮೇಲೆ ಕರ್ಕೊಂಡು ಹೋಗಿ ಅವನಿಗೊಂದು ಮೀನು ತೋರಿಸ್ತೀನಿ.' ಎಲ್ಲರೂ ನಕ್ಕಿದ್ದರು. ತಾರಸಿ ಮೇಲೆ ಮೀನು! ಯಾಂಗೋಸ್ ನಕ್ಕಿದ್ದ. ಬಾಗಿಲಲ್ಲಿ ನಿಂತಿದ್ದ ಹಾಂಬಿಸ್ ಇನ್ನೂ ಜೋರಾಗಿ ನಕ್ಕಿದ್ದ.

ಮೀನು.

ಥೆಕ್ಲಾಳಿಗೆ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಒಂದು ಮೀನಿತ್ತು. 'ನನ್ನ ಟ್ಯಾಂಕಲ್ಲಿ ಒಂದು ಮೀನಿದೆ ಪುಟ್ಟಿ. ಅದು ಬಾಲ ಬಡಿದು ಬಡಿದು ನೀರು ಕಾಯಿಸುತ್ತೆ.' ಗಂಡ ನಿಯೋಫಿಟೋಸ್ ಹಡಗು ರಿಪೇರಿಯ ಅಂಗಳದಲ್ಲಿ ಬೆಸುಗೆ ಹಾಕುತ್ತಿದ್ದವನು. ಹಿಂದೆ ಎಂದೋ ಟ್ಯಾಂಕಿನ ಕೊನೆಯಲ್ಲಿ ತೂತಾದಾಗ ಅವನೇ ಬೆಸೆದು, ಹೆಂಡತಿಯನ್ನು ನಗಿಸಲೆಂದು ಆ ಬೆಸುಗೆಯನ್ನು ಮೀನಿನ ಆಕಾರದಲ್ಲಿ ಎಳೆದಿದ್ದನಂತೆ.

ಆದರೆ ಆ ಟ್ಯಾಂಕು ಮಾರ್ಚಿನಲ್ಲೇ ಗುಜರಿಗೆ ಹೋಯಿತಲ್ಲ? ಎಂಟೂ ಹಳೆಯ ಟ್ಯಾಂಕುಗಳನ್ನು ಲಾರಿಗೆ ಹೇರಿಕೊಂಡು ಹೋದವನು ಹಾಂಬಿಸ್. ವಾರ ಕಳೆದು ಹೊಳೆಯುವ ಹೊಸ ಟ್ಯಾಂಕು ತಂದು ಕೂರಿಸಿದವನೂ ಹಾಂಬಿಸ್.

ಮಿರೊ ಟ್ಯಾಂಕಿನ ಕೊನೆಯ ಮುಚ್ಚಳಕ್ಕೆ ಬಗ್ಗಿದಳು. ಒಂದು ತಿರುಪು ಇರಲೇ ಇಲ್ಲ. ಉಳಿದವು ಬೆರಳಿಗೇ ತಿರುಗಿದವು. ಈ ಮೊದಲೇ ಯಾರೋ ಬಿಚ್ಚಿ, ಬಿಗಿಯಲಾರದೆ ಬಿಟ್ಟಿದ್ದರು. ಮುದುಕಿಯ ಕೈ, ಎಷ್ಟು ಬಿಗಿದೀತು?

ಮುಚ್ಚಳ ಕೈಗೆ ಬಂತು. ಹಳದಿ ನೊರೆಯ ಹಾಗಿನ ಹೊದಿಕೆಯನ್ನು ಒಂದು ಕಡೆ ಉಗುರಿನಿಂದ ಕೆರೆದು ತೆಗೆದಿದ್ದರು. ಅದರ ಕೆಳಗೆ ತುಕ್ಕು ಹಿಡಿದ ಕಂದು ಕಬ್ಬಿಣ. ಆ ಕಬ್ಬಿಣದ ಮೇಲೆ, ಉಬ್ಬಿದ ಗಾಯದ ಹಾಗೆ, ಅಂಗೈಯಗಲದ ಬೆಸುಗೆ.

ಬಾಯಿ, ಹೊಟ್ಟೆ, ಕವಲು ಬಾಲ.

ಹೊಸ ತಗಡಿನ ಅಂಗಿ ತೊಟ್ಟ ಹಳೆಯ ಟ್ಯಾಂಕು. ಹೊಸದೆಂದು ಸರ್ಕಾರಕ್ಕೆ ತೋರಿಸಲಿರುವುದು ಇದನ್ನು. ಒಂದು ಹೀಗಿದ್ದರೆ ಉಳಿದ ಏಳೂ ಬೇರೆ ಹೇಗಿದ್ದಾವು?

ಅಜ್ಜಿ ತೋರಿಸಬೇಕೆಂದಿದ್ದ ಮೀನು ಇದು. ತೋರಿಸದ ಹಾಗೆ ಅವಳನ್ನು ಯಾರೋ ಮಾಡಿದ್ದಾರೆ.

"ಮುಚ್ಚಳ ಹಾಕು ಮಿರೊ."

ಬೆನ್ನ ಹಿಂದೆ ಮೆಟ್ಟಿಲ ಬಾಗಿಲು ಮುಚ್ಚಿದ ಸದ್ದಾಯಿತು.

* * *

ಯಾಂಗೋಸ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬೆರಳಲ್ಲಿ ಕಾರಿನ ಕೀಲಿ. ಮನೆ ಕೊಡಿಸುವ, ಮಾರಿಸುವ ಕೆಲಸದವನು. ಸದಾ ನಗುವ ಮುಖ. ಈಗ ಆ ಮುಖದಲ್ಲಿ ನಗುವಿರಲಿಲ್ಲ.

ಮಿರೊ ಏಳಲಿಲ್ಲ. ಅವಳ ಬೆನ್ನಿಗೆ ತಾರಸಿಯ ಮೋಟು ಗೋಡೆ, ಅದರಾಚೆ ಗಾಳಿ.

"ಮೀನು ಸಿಕ್ತು ಯಾಂಗೋಸ್," ಎಂದಳು.

"ಗೊತ್ತು. ಮುಚ್ಚಳ ಹಾಕು ಅಂದೆ. ಪರೀಕ್ಷಕ ದಾರೀಲಿದ್ದಾನೆ."

"ನಿನಗೆ ಗೊತ್ತಿತ್ತು."

"ಮೇ ತಿಂಗಳಲ್ಲಿ ಗೊತ್ತಾಯ್ತು. ಹಾಂಬಿಸನ ಅಂಗಡಿಗೆ ಹೋಗಿದ್ದೆ, ಇನ್ನೊಂದು ಕಟ್ಟಡದ ಹಳೇ ಟ್ಯಾಂಕುಗಳಿಗೆ ತಗಡು ಸುತ್ತುತ್ತಿದ್ದ. ಅಷ್ಟು ಹೊತ್ತಿಗೆ ನಮ್ಮ ಅರ್ಜಿ ಮುಂದೆ ಹೋಗಿ ಆಗಿತ್ತು. ನಾನೇನು ಮಾಡ್ಲಿ? ಬಾಯಿ ಬಿಟ್ರೆ ಎಂಟು ಮನೆಯೋರೂ ನನ್ನ ಚರ್ಮ ಸುಲೀತಿದ್ರು. ಮೊದಲು ಸುಲಿಯೋಳು ಆ ಮಾರೂಲ್ಲ, ಬಕೀಟಿನ ಸಮೇತ."

"ಅದಕ್ಕೆ ಅಜ್ಜಿಯನ್ನ..."

"ಏಯ್!" ಅವನು ಎರಡು ಹೆಜ್ಜೆ ಮುಂದೆ ಬಂದ. "ಏನು ಮಾತಾಡ್ತಿದೀಯ ನೀನು? ನನ್ನ ಅತ್ತೆ ಅವಳು. ಅಮ್ಮ ಹೋದಾಗ ನನಗೆ ಅನ್ನ ಕಲಸಿ ಹಾಕಿದೋಳು."

"ಹಾಗಾದ್ರೆ ಎಲ್ಲಿದ್ದಾರೆ ಹೇಳು. ಅಗ್ರೋಸಿನ ಮನೆಗೆ ಫೋನ್ ಹಚ್ಚು. ಈಗ, ನನ್ನೆದುರಿಗೆ."

ಯಾಂಗೋಸನ ಬೆರಳಲ್ಲಿ ಸುತ್ತುತ್ತಿದ್ದ ಕೀಲಿ ನಿಂತಿತು.

"ಅಲ್ಲಿಲ್ಲ," ಎಂದ.

ಮೇಲೆ ಒಂದು ವಿಮಾನ ಇಳಿಯಲು ಹಾದುಹೋಯಿತು.

"ನಾನು ಸುಳ್ಳು ಹೇಳಿದೆ ಮಿರೊ. ಮನೆಯ ಒಡತಿ ಕಾಣೆಯಾಗಿದ್ದಾಳೆ ಅಂತ ಗೊತ್ತಾದ್ರೆ ಪರೀಕ್ಷೆ ಮುಂದೆ ಹೋಗುತ್ತೆ, ಪೊಲೀಸರು ಎಲ್ಲಾ ಕೆದಕ್ತಾರೆ. ಅತ್ತೆ ನನ್ನ ಮೇಲೆ ಕೋಪ ಮಾಡ್ಕೊಂಡು ಯಾರೋ ಗೆಳತಿ ಮನೇಲಿ ಕೂತಿರ್ತಾಳೆ, ಎರಡು ದಿನಕ್ಕೆ ಬರ್ತಾಳೆ ಅಂದ್ಕೊಂಡೆ. ಬರ್ಲಿಲ್ಲ. ನೀನು ಮಾತ್ರೆ ಡಬ್ಬಿ ಇಲ್ಲೇ ಇದೆ ಅಂದಾಗಿನಿಂದ ನನಗೆ ನಿದ್ದೆ ಇಲ್ಲ."

"ನಿದ್ದೆ ಇಲ್ಲದೋನು ಅಂಗಿಗೆ ಇಸ್ತ್ರಿ ಹಾಕ್ಕೊಂಡು ಬಂದಿದೀಯ!" ಮಿರೊಳ ದನಿ ಏರಿತು. "ಈಗ್ಲೂ ಸುಳ್ಳೇ. ಆ ಚಾದರ ಹೊದಿಸಿದೋನು ನೀನು. ಪೊಲೀಸರ ಕಣ್ಣಿಗೆ ಮಣ್ಣೆರಚೋಕೆ. ಮಾರ್ಚಿನಲ್ಲಿ ನೀನು ಅಥೆನ್ಸಿನಲ್ಲಿದ್ದೆ, ನಾವು ಜಾಗ ಬದಲಾಯಿಸ್ಕೊಂಡಿದ್ದು ನಿನಗೆ ಗೊತ್ತಿಲ್ಲ. ಹಳೇ ಜಾಗ ನೋಡಿ ನನ್ನ ಸೋಲಾರಿಗೆ ಹೊದಿಸಿದೀಯ."

ಯಾಂಗೋಸ್ ಆಗ ಮೊದಲ ಸಲ ಮೆಟ್ಟಿಲ ಕೋಣೆಯ ಪಕ್ಕಕ್ಕೆ ತಿರುಗಿ ನೋಡಿದ. ಅರ್ಧ ಬಿಚ್ಚಿದ ಚಾದರ ಗಾಳಿಗೆ ಪಟಪಟ ಬಡಿಯುತ್ತಿತ್ತು. ಅವನ ಹುಬ್ಬು ಗಂಟಾಯಿತು.

"ಇದನ್ನಾ ಪೊಲೀಸಿನವನು ನೋಡಿದ್ದು? ಅತ್ತೇದು ಇಲ್ಲಿದೆಯಲ್ಲ!" ಎಂದು ಮಿರೊ ಕೂತಿದ್ದ ಕಡೆಗೆ ಬೆರಳು ಮಾಡಿದ. "ಅತ್ತೆ ಹೊದಿಸಿ ಹೋಗಿದ್ದಾಳೆ ಅಂತ ಅವನು ಹೇಳಿದಾಗ ನನಗೂ ಸಮಾಧಾನ ಆಗಿತ್ತು. ನಾನು ಮೇಲೆ ಬಂದು ನೋಡ್ಲೇ ಇಲ್ಲ."

"ಅತ್ತೇದು ಇಲ್ಲಿದೆ ಅಂತ ನಿನಗೆ ಹೇಗೆ ಗೊತ್ತು?"

"ಆ ಕುರ್ಚಿ ಯಾರು ಕಟ್ಟಿದ್ದು ಅಂತ ನೋಡು ತಾಯಿ."

ಮಿರೊ ನೋಡಿದಳು. ಕುರ್ಚಿಯ ಕಾಲನ್ನು ಕಂಬಿಗೆ ಬಿಗಿದದ್ದು ಹಗ್ಗವಲ್ಲ, ಹರಿದ ಪ್ಲಾಸ್ಟಿಕ್ ಬ್ಯಾನರಿನ ಪಟ್ಟಿ. ಬಿಸಿಲಿಗೆ ಮಾಸಿದ್ದರೂ ಯಾಂಗೋಸನ ಅಂಗಡಿಯ ಹಸಿರು ಬಣ್ಣ, ಅವನ ಫೋನ್ ನಂಬರಿನ ಬಾಲ, ಎರಡೂ ಕಾಣುತ್ತಿದ್ದವು.

"ಟ್ಯಾಂಕು ಕೂರಿಸಿದ ದಿನಾನೇ ಕಟ್ಟಿದ್ದು. ಅತ್ತೆ ನನ್ನ ಕಾರಿನ ಡಿಕ್ಕಿ ಜಾಲಾಡಿ ಅದನ್ನ ತೆಗೆಸಿದ್ಲು. ನಾನು ಅಥೆನ್ಸಿಗೆ ಹೋಗಿದ್ದು ಅದಾದ ಮಾರನೇ ದಿನ. ಕುರ್ಚಿ ಹೊತ್ತು ತರೋವಾಗ ಒದ್ದೆ ನೆಲ ತುಳಿದೆ ಅಂತ ಮಾರೂಲ್ಲ ನನ್ನ ಏಳು ತಲೆಮಾರು ಎತ್ತಿ ಬೈದ್ಲು. ಬೇಕಾದ್ರೆ ಕೇಳು, ಅವಳು ಮರೆತಿರಲ್ಲ."

ಕೇಳಬೇಕಾಗಿರಲಿಲ್ಲ. ಆ ದಿನ ಸಂಜೆ ಅಂಗಡಿಯಿಂದ ಬಂದು ಹೊಸ ಸೋಲಾರು ನೋಡಲು ಹತ್ತಿದಾಗ ಅಜ್ಜಿ ಈ ಕುರ್ಚಿಯ ಮೇಲೆ ರಾಣಿಯ ಹಾಗೆ ಕೂತಿದ್ದಳು. ಹಸಿರು ಪಟ್ಟಿ ಆಗಲೇ ಕಟ್ಟಿತ್ತು. ಮಿರೊಳ ಕಣ್ಣ ಮುಂದೆ ಅದು ಸ್ಪಷ್ಟವಾಗಿ ಬಂದು ನಿಂತಿತು. ಇಷ್ಟು ಹೊತ್ತೂ ಅವಳು ಹೆಜ್ಜೆ ಹೆಜ್ಜೆಯಾಗಿ ಕಟ್ಟಿದ್ದೆಲ್ಲ ಒಂದೇ ಏಟಿಗೆ ಕುಸಿಯಿತು.

ಯಾಂಗೋಸ್ ಅಲ್ಲ. ಟ್ಯಾಂಕುಗಳನ್ನು ತನ್ನ ಕೈಯಾರೆ ಕೂರಿಸಿದ ಹಾಂಬಿಸ್ ಕೂಡ ಅಲ್ಲ. ಯಾವುದು ಯಾರದು ಎಂದು ಅವನಷ್ಟು ಬಲ್ಲವರಿಲ್ಲ.

"ಹಾಗಾದ್ರೆ ಯಾರು?" ಎಂದಳು, ತನಗೇ ಎಂಬಂತೆ.

"ಅದನ್ನೇ ನಾನು ಯೋಚಿಸ್ತಿದೀನಿ." ಯಾಂಗೋಸನ ದನಿಯಲ್ಲಿ ಬಿರುಸು ಹೋಗಿ ಭಯ ಬಂದಿತ್ತು. "ಅತ್ತೆ ಯಾವ ಚಾದರ ಹೊದಿಸ್ತಾಳೆ ಅಂತ ಗೊತ್ತಿರೋನು ಹೊರಗಿನೋನಲ್ಲ. ಈ ಕಟ್ಟಡದಲ್ಲಿ ಎಲ್ಲರ ಬಟ್ಟೆಯೂ ಒಣಗೋದು ಇಲ್ಲೇ. ಮಾರ್ಚಿಂದ ಈಚೆಗೆ ಮೇಲೆ ಹತ್ತದೇ ಇರೋರು ನಮ್ಮಲ್ಲಿ ಯಾರಿದ್ದಾರೆ ಹೇಳು?"

ಮಿರೊ ಒಂದೊಂದೇ ಮನೆಯ ಬಾಗಿಲು ತಟ್ಟುತ್ತಾ ಹೋದ ಹಾಗೆ ಮನಸ್ಸಿನಲ್ಲೇ ಎಣಿಸಿದಳು. ನಾಲ್ಕನೇ ಮಹಡಿ, ಎರಡನೇ ಮಹಡಿ, ಕೆಳಗಿನ ಮನೆಗಳು. ಎಲ್ಲರೂ ಹತ್ತುತ್ತಾರೆ. ಒಂದು ಬಾಗಿಲನ್ನು ಮಾತ್ರ ಅವಳು ತಟ್ಟಲಿಲ್ಲ. ಅದು ಅವಳದೇ ಬಾಗಿಲು.

* * *

ಕೆಳಗೆ ಕಾರು ನಿಂತ ಸದ್ದು. ಬಾಗಿಲು ಬಡಿದುಕೊಂಡಿತು.

ಯಾಂಗೋಸ್ ಮೋಟು ಗೋಡೆಯಿಂದ ಬಗ್ಗಿ ನೋಡಿ ಹಿಂದೆ ಸರಿದ. "ಬಂದ. ಸರ್ಕಾರಿ ಕಾರು. ಮಿರೊ, ಏನು ಮಾಡ್ತೀಯ?"

"ಮೀನು ತೋರಿಸ್ತೀನಿ."

"ಎಂಟು ಮನೆಯೋರೂ ಹಾಳಾಗ್ತಾರೆ."

"ನಾಲ್ಕು ದಿನದಿಂದ ಮಾತ್ರೆ ಇಲ್ಲದೆ ಒಬ್ಬಳು ಎಲ್ಲೋ ಇದ್ದಾಳೆ ಯಾಂಗೋಸ್! ಇದ್ದಾಳೋ ಇಲ್ವೋ. ಸೋಲಾರು ಹೋಗ್ಲಿ, ಕೊಡದಲ್ಲಿ ನೀರು ಕಾಯಿಸ್ಕೋತೀವಿ. ಪರೀಕ್ಷಕ ಬರೆದು ಕೊಟ್ರೆ ಆ ಸಾರ್ಜೆಂಟು ಎದ್ದು ಕೂರ್ಲೇಬೇಕು."

ಅವನು ತಲೆ ತಗ್ಗಿಸಿದ. "ಸರಿ," ಎಂದ. "ಆದ್ರೆ ಆ ಚಾದರನಾದ್ರೂ ತೆಗೀತೀನಿ. ಅತ್ತೇ ಮದುವೆ ಚಾದರ ಅದು. ಅವನ ಬೂಟುಗಾಲಿನ ಕೆಳಗೆ ಬೀಳೋದು ಬೇಡ."

ಅವನು ಮೂಲೆಯ ಗಂಟಿಗೆ ಕೈ ಹಾಕಿದ. ಎಳೆದ. ಉಗುರು ತೂರಿಸಿದ. ಹಲ್ಲು ಕಚ್ಚಿ ಇನ್ನೂ ಜೋರಾಗಿ ಎಳೆದ. ಎಳೆದಷ್ಟೂ ಗಂಟು ಬಿಗಿಯಾಯಿತು.

"ಇದೇನೇ ಇದು, ಗಂಟೋ ಕಬ್ಬಿಣದ ಗುಂಡೋ! ಚಾಕು ಇದೆಯಾ?"

"ಕತ್ತರಿಸ್ಬೇಡ, ಆಚೆ ಸರಿ," ಎಂದಳು ಮಿರೊ. ಅವನನ್ನು ಪಕ್ಕಕ್ಕೆ ಸರಿಸಿ ಗಂಟಿನ ಬಾಲವನ್ನು ಒಳಕ್ಕೆ ತಳ್ಳಿ ಹಿಂದಕ್ಕೆಳೆದಳು. ಅದು ಹೂವಿನ ಹಾಗೆ ಬಿಚ್ಚಿಕೊಂಡಿತು.

"ಅಬ್ಬಾ! ಎಲ್ಲಿ ಕಲಿತೆ ಇದನ್ನ?"

ಮಿರೊ ಕೈಯಲ್ಲಿದ್ದ ದಾರವನ್ನು ನೋಡುತ್ತಿದ್ದಳು. ಆಗ ಎರಡು ಗಂಟು ಬಿಚ್ಚಿದ್ದಳು, ನೋಡದೆ, ಯೋಚಿಸದೆ, ದಿನಾ ಬಿಚ್ಚುವ ಹಾಗೆ.

ನಿಧಾನವಾಗಿ ಅವಳ ಕಣ್ಣು ಎದುರಿಗಿದ್ದ ತನ್ನ ಬಟ್ಟೆಯ ಹಗ್ಗದ ಕಡೆ ಹೋಯಿತು. ಕಂಬಕ್ಕೆ ಸುತ್ತಿದ ಅದರ ತುದಿಯಲ್ಲಿ ಅದೇ ಗಂಟು. ಗಾಳಿ ಎಳೆದಷ್ಟೂ ಬಿಗಿಯುವ ಗಂಟು, ಬಾಲ ತಳ್ಳಿದರೆ ಸೋಲುವ ಗಂಟು. ಮದುವೆಯಾದ ವರ್ಷ ಝೀನೋನ್ ಹಿಂದೆ ನಿಂತು, ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಕಲಿಸಿದ ಗಂಟು.

ಇದು ಬಂದರಿನ ಊರು, ಎಂದುಕೊಂಡಳು. ಹಡಗಿನ ಗಂಟು ಹಾಕಲು ಬರುವವರು ಬೀದಿಗೊಬ್ಬರಿದ್ದಾರೆ. ಝೀನೋನ್ ಸೂಯೆಜ್ ದಾಟಿದ್ದಾನೆ. ಸುತ್ತ ಬರೀ ನೀರು ಎಂದು ನಿನ್ನೆ ತಾನೇ ಹೇಳಿದ. ಆದರೂ ದಾರವನ್ನು ಕೈಯಿಂದ ಬಿಡಲಿಲ್ಲ.

ಕೆಳಗಿನಿಂದ ಮಾರೂಲ್ಲಕ್ಕನ ದನಿ ಬಂತು. "ಬನ್ನಿ ಸಾರ್, ಬನ್ನಿ, ನೆಲ ಒದ್ದೆ ಇದೆ, ನಿಧಾನ. ಮೊದಲು ಒಂದು ಚಮಚ ಮುರಬ್ಬ..."

ಅದನ್ನು ದಾಟಿಕೊಂಡು ಪುಟ್ಟ ಚಪ್ಪಲಿಗಳ ಸದ್ದು ಓಡಿ ಬಂತು. ಬಾಗಿಲು ತೆರೆಯಿತು. ಥೆಕ್ಲಾ, ಏದುಸಿರು ಬಿಡುತ್ತಾ, ತುಟಿಯ ಪಕ್ಕದಲ್ಲಿ ಮುರಬ್ಬದ ಅಂಟು. ಅಮ್ಮನ ಕೈಯಲ್ಲಿದ್ದ ಚಾದರ ನೋಡಿ ಅಲ್ಲೇ ನಿಂತಳು.

"ಕೆಳಗಿರು ಅಂದಿದ್ನಲ್ಲ ಕಂದಾ."

"ನೀನು ಆಮೇಲೆ ಆಮೇಲೆ ಅಂತಾನೇ ಇದೀಯ."

ಮಿರೊ ಮಂಡಿಯೂರಿ ಕೂತಳು. ಮಗಳ ತುಟಿ ಒರೆಸಿದಳು. ಮೆಟ್ಟಿಲ ಮೇಲೆ ಬೂಟಿನ ಸದ್ದು ಹತ್ತಿರವಾಗುತ್ತಿತ್ತು.

"ಕೇಳು ಬಂಗಾರ. ಈಗ ಕೇಳು."

ಥೆಕ್ಲಾ ಯಾಂಗೋಸನನ್ನು ನೋಡಿದಳು, ಚಾದರವನ್ನು ನೋಡಿದಳು, ಆಮೇಲೆ ಅಮ್ಮನ ಕಣ್ಣನ್ನೇ ನೋಡಿದಳು.

"ಆವತ್ತು, ಅಜ್ಜಿ ಕಾಣೆಯಾದ ದಿನ, ನನ್ನ ಮಲಗಿಸಿ ಅವರ ಮನೆಗೆ ಹೋದ್ರಲ್ಲ, ನನಗೆ ನಿದ್ದೆ ಬರ್ಲಿಲ್ಲ. ಸ್ಟೂಲ್ ಹತ್ತಿ ಬಾಗಿಲಿನ ತೂತಲ್ಲಿ ನೋಡಿದೆ. ಹಾಂಬಿಸ್ ಮಾಮನ ಜೊತೆ ಅಪ್ಪ ಬಂದಿದ್ದ. ಅಜ್ಜಿ ನಗ್ತಾ ಬಾಗಿಲು ತೆಗೆದ್ರು. ಅಮ್ಮಾ, ಅಪ್ಪ ಅಷ್ಟು ಹತ್ರ ಬಂದು ನಮ್ಮನೆಗೆ ಯಾಕೆ ಬರ್ಲಿಲ್ಲ?"